ಮರಳು

ಅಸುನ್ಸಿಯೋನಿನ ಈ ಸ್ಮಶಾನಕ್ಕೆ ನನ್ನ ಪಾಳಿ ಮಂಗಳವಾರ.
ಹೆಗಲಲ್ಲಿ ಒದ್ದೆ ಮರಳಿನ ಚೀಲ, ಜೇಬಿನಲ್ಲಿ ಟಾರ್ಚು, ಪಿಪೆಟ್ಟು,
ಟೋಪಿಯ ಮೇಲೆ ಆರೋಗ್ಯ ಇಲಾಖೆಯ ಮಾಸಿದ ಮುದ್ರೆ.
ಬದುಕಿದವರ ಮನೆಯಾದರೆ ಬಾಗಿಲು ತಟ್ಟಬೇಕು,
ನಾಯಿ ಕಟ್ಟಿ ಅನ್ನಬೇಕು, ಮಲಗಿದ್ದಾರೆ ಎಂದರೆ ಕಾಯಬೇಕು.
ಇಲ್ಲಿ ಯಾರೂ ಬರಬೇಡ ಅನ್ನುವುದಿಲ್ಲ.

ಸಾಲುಸಾಲು ಹೂದಾನಿ: ಹಾಲಿನ ಪುಡಿಯ ಡಬ್ಬಿ,
ಕತ್ತರಿಸಿದ ಕೋಲಾ ಬಾಟಲಿ, ಅಮೃತಶಿಲೆಯ ಬಟ್ಟಲು,
ಒಬ್ಬ ಕರ್ನಲ್ಲನ ತಲೆಯ ಬಳಿ
ಚಾಕೋ ಯುದ್ಧದಿಂದ ತಂದ ಗುಂಡಿನ ಹಿತ್ತಾಳೆ ಚಿಪ್ಪು.
ಬಡವ ಬಲ್ಲಿದ ಎಂಬ ಭೇದ ಅವಳಿಗಿಲ್ಲ,
ಕಾಲಿಗೆ ಬಿಳಿ ಪಟ್ಟೆಯ ಆ ಬಸುರಿಗೆ.
ಕೊಚ್ಚೆ ಮುಟ್ಟುವವಳಲ್ಲ. ತಿಳಿನೀರೇ ಬೇಕು, ನೆರಳು ಬೇಕು.
ನೀರಿನಂಚಿಗೆ ಮೊಟ್ಟೆ ಅಂಟಿಸಿ ಹೋಗುತ್ತಾಳೆ;
ನೀರು ಚೆಲ್ಲಿದರೂ ಅವು ತಿಂಗಳುಗಟ್ಟಲೆ ಒಣಗಿ ಕೂತು
ಮುಂದಿನ ಮಳೆಗೆ ಎದ್ದು ಬರುತ್ತವೆ.
ಪಾದ್ರಿಗಳು ಹೇಳುವ ಪುನರುತ್ಥಾನವನ್ನು
ಇಷ್ಟು ಕಣ್ಣಾರೆ ನಾನು ಬೇರೆಲ್ಲೂ ಕಂಡಿಲ್ಲ.

ನೀರು ಚೆಲ್ಲು, ಮರಳು ತುಂಬು, ಹೂ ಸಿಕ್ಕಿಸು,
ಫಾರಮ್ಮಿನಲ್ಲಿ ಗೀಟು ಎಳೆ. ದಿನಕ್ಕೆ ನೂರಿಪ್ಪತ್ತು.
ಜೊತೆಗಾರ ಡೆರ್ಲಿಸ್ ಪ್ರತಿ ಗೋರಿಗೂ
ಒಳಗಿರುವವರ ಹೆಸರು ಹಿಡಿದು ನಮಸ್ಕಾರ ಹೇಳಿಯೇ ಕೈ ಹಾಕುತ್ತಾನೆ.
ನೋಡಿ ನಗುತ್ತೇನೆ. ನಗಬಾರದು:
ಹೋದ ತಿಂಗಳು ನನ್ನದೇ ಫ್ರಿಜ್ಜಿನ ಹಿಂದಿನ ತಟ್ಟೆಯಲ್ಲಿ
ಹನ್ನೊಂದು ಮರಿ ಹಿಡಿದವನು ಅವನೇ.
ಎಣಿಸಿ, ಬರೆದು, ನನ್ನಿಂದಲೇ ಸಹಿ ಹಾಕಿಸಿಕೊಂಡ.

ಮಾರ್ಚಿಯ ಬಿಸಿಲು. ಹದಿನಾಲ್ಕನೆಯ ಸಾಲಿನ ಕೊನೆಗೆ ಗಿಡ್ಡ ಶಿಲುಬೆ,
ಅದಕ್ಕೆ ಹೊದಿಸಿದ ಕಸೂತಿ ಬಟ್ಟೆ ಇನ್ನೂ ಬೆಳ್ಳಗಿತ್ತು.
ಬುಡದಲ್ಲಿ ಹಿಡಿಯಿರುವ ಪ್ಲಾಸ್ಟಿಕ್ ಲೋಟ, ಮೈಮೇಲೆ ಮೊಲದ ಚಿತ್ರ.
ತುಂಬ ನೀರು. ಹೂವಿಲ್ಲ.
ಬಗ್ಗಿದೆ. ಹಿಂದಿನಿಂದ ಒಂದು ಕೈ ಮಣಿಕಟ್ಟು ಹಿಡಿಯಿತು.

ನ್ಯಾ ಸೆಫೆರೀನಾ. ಚೀಪಾ ಮಾರುವವಳು, ಬುಟ್ಟಿ ತಲೆಯ ಮೇಲೆಯೇ ಇತ್ತು.
"ಅದು ಹೂದಾನಿಯಲ್ಲ" ಎಂದಳು.
"ಐದು ದಿನ ಜ್ವರ. ನೀರು ನೀರು ಅಂದಳು.
ಕೊಟ್ಟದ್ದೆಲ್ಲ ವಾಂತಿ. ಕೊನೆಯ ರಾತ್ರಿ
ಬರೀ ತುಟಿ ಒದ್ದೆ ಮಾಡಿದೆ.
ಈಗ ನೀನು ಬಂದು
ನನ್ನ ಮೊಮ್ಮಗಳ ಬಾಯಿಗೆ ಮರಳು ಹಾಕುತ್ತೀಯಾ?"

ತರಬೇತಿ ಪುಸ್ತಕದಲ್ಲಿ ಇದಕ್ಕೆ ಉತ್ತರವಿತ್ತು, ಮೂರನೆಯ ಪುಟ,
ಮನೆಯವರ ಸಹಕಾರ ಪಡೆಯುವುದು ಹೇಗೆ.
ಲೋಟದೊಳಗೆ ಟಾರ್ಚು ಬಿಟ್ಟೆ.
ಬೆಳಕಿಗೆ ಬೆದರಿ ಆರೇಳು ಅಲ್ಪವಿರಾಮಗಳು
ಕೊಂಕಿ, ನೆಟ್ಟಗಾಗಿ, ಕೊಂಕಿ, ತಳಕ್ಕಿಳಿದವು.
ಅವಳೂ ನೋಡಿದಳು. "ನ್ಯಾತಿಉ" ಎಂದಳು ಗ್ವಾರಾನಿಯಲ್ಲಿ,
ಬೈದ ಹಾಗಲ್ಲ,
ಹಿಂದೊಮ್ಮೆ ಮನೆಗೆ ಬಂದವರ ಗುರುತು ಹತ್ತಿದ ಹಾಗೆ.

ಗೋಡೆಯಾಚೆ ಶಾಲೆ. ಅದನ್ನು ನಾನು ಹೇಳಲಿಲ್ಲ.
ಆಟದ ಗಂಟೆ ಬಾರಿಸಿತು.

ಆಮೇಲೆ ಬುಟ್ಟಿ ಇಳಿಸಿದಳು.
ಕಾದ ಸಿಮೆಂಟಿನ ಮೇಲೆ ನೀರನ್ನು ತಾನೇ ಚೆಲ್ಲಿ
ಅವು ಒದ್ದಾಡಿ ಸುಮ್ಮನಾಗುವವರೆಗೆ ನಿಂತು ನೋಡಿದಳು.
ಬ್ರಷ್ಷು ಕೊಟ್ಟೆ: ಅಂಚು, ತಳ,
ಕಣ್ಣಿಗೆ ಏನೂ ಕಾಣದಿದ್ದರೂ ಉಜ್ಜಬೇಕು.
ನಾಲ್ಕು ದಿನಕ್ಕೊಮ್ಮೆ. ಏಳು ದಾಟಿದರೆ ರೆಕ್ಕೆ ಬರುತ್ತದೆ.
ಫಾರಮ್ಮಿನಲ್ಲಿ 'ಮರಳು' ಎಂಬ ಅಂಕಣ ಖಾಲಿ ಬಿಟ್ಟೆ.
ಡೆರ್ಲಿಸ್ ನೋಡಿದ. ಸಹಿ ಕೇಳಲಿಲ್ಲ.

ಏಪ್ರಿಲ್ ಮುಗಿಯುವವರೆಗೆ ಲೋಟ ಹೊಳೆಯುತ್ತಿತ್ತು.
ಈ ಮಂಗಳವಾರ ಒಳಗೆಲ್ಲ ಹಸಿರು ಜಿಡ್ಡು.
ಮಾರುಕಟ್ಟೆಯಲ್ಲಿ ವಿಚಾರಿಸಿದೆ: ಮೊಣಕಾಲು, ಆಸ್ಪತ್ರೆ,
ಎಷ್ಟು ದಿನವೋ ಗೊತ್ತಿಲ್ಲ ಅಂದರು.
ಮರಳಿ ಬಂದೆ. ಚೀಲದಲ್ಲಿ ಇನ್ನೂ ಅರ್ಧ ಮರಳಿತ್ತು.
ಮೊಲದ ಕಿವಿ ಅಳಿಸದ ಹಾಗೆ ಹೊರಗೆ ಮೆಲ್ಲಗೆ,
ಒಳಗೆ ಬಿರುಸಾಗಿ ಉಜ್ಜಿದೆ.
ತೆರೆರೆಗೆಂದು ಥರ್ಮಾಸಿನಲ್ಲಿ ತಂದ ಐಸು ನೀರಿತ್ತು,
ಅದನ್ನೇ ಹೊಯ್ದೆ.

ಶನಿವಾರ ರಜೆ. ಬರಬೇಕು.